ಯಾವ ಶಅಬಾನ್, ಯಾವ ಭಾನುವಾರ?

ಕೆಲವು ವರ್ಷಗಳ ಹಿಂದಿನ ಮಾತು. ರಮಝಾನ್ ಮುಗಿಯಲು ಇನ್ನು ಮೂರ್ನಾಲ್ಕು ದಿನ ಇರುವಾಗ ಊರಿನಿಂದ ತಂಗಿಯ ಫೋನ್ ಬಂತು. "ಕಾಕಾ, ಮಗಳ ಮದುವೆ ಗಟ್ಟಿಯಾಯಿತು. ಪೆರ್ನಾಲ್ ಕಳೆದು ಎರಡನೇ ಆದಿತ್ಯವಾರ. ನೀವೆಲ್ಲ ಎರಡು ದಿನ ಮುಂಚೆಯೇ ಬರಬೇಕು" ಅಂದಳು. ನಾನು ಮುಂಬೈಯಲ್ಲಿದ್ದೇನೆ. ಹಬ್ಬದ ದಿನ ನಮಾಝ್ ಮುಗಿಸಿ ಬಂದು, ಎರಡನೇ ಭಾನುವಾರ ಯಾವುದು ಅಂತ ಎಣಿಸಿ ಮೊಬೈಲಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ಆ ವರ್ಷ ಕರಾವಳಿಯಲ್ಲಿ ಶುಕ್ರವಾರ ಸಂಜೆಯೇ ಚಂದ್ರದರ್ಶನ ಖಚಿತವಾಗಿ ಶನಿವಾರ ಹಬ್ಬ ಆಗಿತ್ತು. ಮುಂಬೈಯಲ್ಲಿ ನಾವು ಭಾನುವಾರ ಹಬ್ಬ ಮಾಡಿದೆವು. ಊರಿನವರಿಗೆ ಹಬ್ಬದ ಮರುದಿನವೇ ಮೊದಲ ಭಾನುವಾರ. ನನಗೆ ಅದು ಹಬ್ಬದ ದಿನ. ಮೊದಲ ಭಾನುವಾರ ಬರಲು ಇನ್ನೂ ಒಂದು ವಾರ ಇತ್ತು. ಹಬ್ಬದಲ್ಲಿ ಒಂದೇ ದಿನದ ವ್ಯತ್ಯಾಸ, ಮದುವೆಯ ಲೆಕ್ಕದಲ್ಲಿ ಪೂರಾ ಒಂದು ವಾರದ ವ್ಯತ್ಯಾಸ! ಆಮಂತ್ರಣ ಪತ್ರಿಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಹೆಸರುಗಳನ್ನೆಲ್ಲ ಪ್ರೀತಿಯಿಂದ ಓದಿದೆ. ತಾರೀಖು ಹೇಗೂ ಗೊತ್ತಿದೆಯಲ್ಲ ಅಂತ ಅದರ ಕಡೆ ಕಣ್ಣು ಹಾಯಿಸಲಿಲ್ಲ.

ಗುರುವಾರ ಸಂಜೆ ತಂಗಿ ಮತ್ತೆ ಫೋನ್ ಮಾಡಿ "ಎಲ್ಲಿಗೆ ಮುಟ್ಟಿದಿರಿ?" ಅಂದಾಗ ನಾನು ಆಫೀಸಿನಲ್ಲಿದ್ದೆ. ರೈಲಿನಲ್ಲಿ ಸೀಟು ಸಿಗಲಿಲ್ಲ. ಮರುದಿನ ಬಸ್ಸು ಹಿಡಿದು ನಾನು, ಹೆಂಡತಿ ಹೇಗೋ ನಿಕಾಹ್‌ಗೆ ತಲುಪಿದೆವು. ಮಗಳು ಬರಲಿಲ್ಲ. ಸೋಮವಾರ ಬೆಳಿಗ್ಗೆ ಅವಳ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಮೊದಲೇ ಗೊತ್ತಿದ್ದರೆ ಬ್ಯಾಚ್ ಬದಲಾಯಿಸಿಕೊಳ್ಳಬಹುದಿತ್ತು. ಪ್ರತಿ ಬೇಸಿಗೆ ರಜೆಯನ್ನು ಯಾರ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಕಳೆದಿದ್ದಳೋ ಆ ಹುಡುಗಿಯ ಮದುವೆಯನ್ನು ಅವಳು ಮೊಬೈಲಿನಲ್ಲಿ ನೋಡಿದಳು.

ತಮಾಷೆ ಏನೆಂದರೆ, ನಮ್ಮ ಮನೆಯಲ್ಲಿ ಕ್ಯಾಲೆಂಡರುಗಳಿಗೆ ಕೊರತೆಯೇ ಇರಲಿಲ್ಲ. ನನ್ನ ಆಫೀಸಿನದ್ದು ಒಂದು, ನನ್ನ ಸ್ವಂತದ್ದು ಇನ್ನೊಂದು, ಮಗಳ ಕಾಲೇಜಿನ ಆ್ಯಪ್‌ನಲ್ಲಿ ಮತ್ತೊಂದು, ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕಾಗದದ್ದು ಮಗದೊಂದು. ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಗೊತ್ತಿರಲಿಲ್ಲ, ಅಷ್ಟೇ. ಇದು ನಮ್ಮ ಕಾಲದ, ನಮ್ಮ ಮೊಬೈಲುಗಳ ತೊಂದರೆ ಅಂತ ನಾನು ತಿಳಿದಿದ್ದೆ. ಆಮೇಲೆ ಹಳೆಯ ಪುಸ್ತಕಗಳನ್ನು ತಿರುವುತ್ತಾ ಹೋದಂತೆ, ಈ ತೊಂದರೆಗೆ ಕನಿಷ್ಠ ಸಾವಿರದ ನಾನೂರು ವರ್ಷಗಳ ಇತಿಹಾಸ ಇದೆ ಅನ್ನುವುದು ತಿಳಿಯಿತು.

ಹಿಜ್ರಿ ಶಕೆ ಹುಟ್ಟಿದ್ದೇ ಇಂಥ ಒಂದು ಗೊಂದಲದಿಂದ ಅಂತ ಇತಿಹಾಸಕಾರರು ಹೇಳುತ್ತಾರೆ. ಅರಬರಿಗೆ ಹನ್ನೆರಡು ತಿಂಗಳುಗಳ ಹೆಸರಿತ್ತು, ಆದರೆ ವರ್ಷಗಳಿಗೆ ಸಂಖ್ಯೆ ಇರಲಿಲ್ಲ. 'ಆನೆಯ ವರ್ಷ' ಅನ್ನುವ ಹಾಗೆ ದೊಡ್ಡ ಘಟನೆಗಳಿಂದ ವರ್ಷವನ್ನು ಗುರುತಿಸುತ್ತಿದ್ದರು. ಸಣ್ಣ ಊರಿಗೆ ಅದು ಸಾಕು. ಆದರೆ ಖಲೀಫಾ ಉಮರ್(ರ) ಅವರ ಕಾಲಕ್ಕೆ ಆಡಳಿತ ಇರಾಕ್, ಸಿರಿಯಾದವರೆಗೆ ಹಬ್ಬಿತ್ತು. ಅವರ ಮುಂದೆ ಬಂದ ಒಂದು ಹಣದ ಕಾಗದದಲ್ಲಿ ಶಅಬಾನ್ ತಿಂಗಳಲ್ಲಿ ಕೊಡತಕ್ಕದ್ದು ಅಂತ ಬರೆದಿತ್ತಂತೆ. ಯಾವ ಶಅಬಾನ್? ಕಳೆದು ಹೋದದ್ದೋ, ಈಗ ನಡೆಯುತ್ತಿರುವುದೋ, ಬರಲಿರುವುದೋ? ತಾರೀಖು ಇಲ್ಲದ ಪತ್ರಗಳು ಬರುತ್ತಿವೆ ಅಂತ ದೂರದ ಪ್ರಾಂತ್ಯದಿಂದ ಅಬೂ ಮೂಸಾ ಅಲ್ ಅಶ್ಅರಿ(ರ) ಅವರೂ ತಿಳಿಸಿದ್ದರಂತೆ.

ಹಿಜ್ರಿ 17ರ ಸುಮಾರಿಗೆ, ಅಂದರೆ ಕ್ರಿ.ಶ. 638ರ ಹೊತ್ತಿಗೆ, ಸಮಾಲೋಚನೆ ನಡೆಯಿತು. ರೋಮನರ ಲೆಕ್ಕ ತೆಗೆದುಕೊಳ್ಳೋಣ ಅಂದವರಿದ್ದರು, ಪಾರಸಿಗಳ ಲೆಕ್ಕ ಅಂದವರಿದ್ದರು. ಪ್ರವಾದಿ(ಸ)ಯವರ ಜನನದಿಂದ ಎಣಿಸಬೇಕೋ, ಬೇರೆ ಘಟನೆಯಿಂದಲೋ ಅನ್ನುವ ಮಾತೂ ಬಂತು. ಕೊನೆಗೆ ಮದೀನಾಕ್ಕೆ ಹಿಜ್ರಾ ಹೋದ ವರ್ಷವನ್ನೇ ಒಂದನೆಯ ವರ್ಷ ಅಂತ ಒಪ್ಪಿಕೊಂಡರು. ಹಿಜ್ರಾ ನಡೆದದ್ದು ರಬೀಉಲ್ ಅವ್ವಲ್ ತಿಂಗಳಲ್ಲಿ. ಆದರೂ ಜನರಿಗೆ ರೂಢಿಯಿದ್ದ ಮುಹರ್ರಮ್ ತಿಂಗಳನ್ನೇ ವರ್ಷದ ಆರಂಭವಾಗಿ ಉಳಿಸಿಕೊಂಡರು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತಿಂಗಳುಗಳನ್ನು ಬದಲಾಯಿಸಲಿಲ್ಲ, ಜನರ ಅಭ್ಯಾಸವನ್ನು ಕೆಡಿಸಲಿಲ್ಲ. ಎಲ್ಲಿಂದ ಎಣಿಸಬೇಕು ಅನ್ನುವುದನ್ನು ಎಲ್ಲರೂ ಸೇರಿ ಗೊತ್ತು ಮಾಡಿದರು. ನನಗೂ ತಂಗಿಗೂ ನಡುವೆ ಆಗದೇ ಹೋದದ್ದು ಅದೇ.

ಇನ್ನು, ಬೇರೆ ಬೇರೆ ಜನರ ಲೆಕ್ಕಗಳು ಒಂದರ ಪಕ್ಕ ಒಂದು ಬಂದು ನಿಂತಾಗ ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಖ್ವಾರಿಝ್ಮ್‌ನ ಅಲ್ ಬಿರೂನಿ ದೊಡ್ಡ ಹೆಸರು. 973ರಲ್ಲಿ ಹುಟ್ಟಿದ ಇವರು, ಸುಮಾರು ಸಾವಿರದನೆಯ ಇಸವಿಯ ಹೊತ್ತಿಗೆ ಪಾರಸಿ, ಯಹೂದಿ, ಕ್ರೈಸ್ತ, ಅರಬ್ ಮೊದಲಾದ ಜನರ ಕಾಲಗಣನೆಯ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಆಮೇಲೆ ಭಾರತದ ಬಗ್ಗೆ ಬರೆಯುವಾಗ ಇಲ್ಲಿನ ಶಕೆಗಳ ರಾಶಿ ನೋಡಿ ಒಂದು ಉಪಾಯ ಮಾಡಿದರು. ಪಾರಸಿಗಳ ಯಝ್ದಗಿರ್ದ್ ಶಕೆಯ 400ನೇ ವರ್ಷವನ್ನು ಅಳತೆಗೋಲಾಗಿ ಹಿಡಿದುಕೊಂಡು, ಅದೇ ವರ್ಷ ವಿಕ್ರಮ ಶಕೆಯಲ್ಲಿ 1088, ಶಾಲಿವಾಹನ ಶಕೆಯಲ್ಲಿ 953, ಗುಪ್ತ ಶಕೆಯಲ್ಲಿ 712 ಅಂತ ಸಾಲಾಗಿ ಬರೆದಿಟ್ಟರು. ಯಾರದು ಸರಿ, ಯಾರದು ತಪ್ಪು ಅನ್ನುವ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದು ದಿನವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದವುಗಳನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಇವತ್ತು ನಮ್ಮ ಮೊಬೈಲಿನಲ್ಲಿ ನಾಲ್ಕು ಬಣ್ಣದ ನಾಲ್ಕು ಕ್ಯಾಲೆಂಡರುಗಳನ್ನು ಒಂದೇ ಪರದೆಯ ಮೇಲೆ ನೋಡುತ್ತೇವಲ್ಲ, ಅದರ ಹಿಂದಿರುವುದೂ ಇದೇ ಬುದ್ಧಿ.

ಭಾರತದಲ್ಲಿ ಈ ಗೊಂದಲ ಹೊಟ್ಟೆಯ ಪ್ರಶ್ನೆಯೂ ಆಗಿತ್ತು. ಹಿಜ್ರಿ ವರ್ಷ ಚಂದ್ರನದ್ದು, ಸುಮಾರು 354 ದಿನ. ಬೆಳೆ ಬರುವುದು ಸೂರ್ಯನ ಲೆಕ್ಕದಲ್ಲಿ, 365 ದಿನಕ್ಕೆ. ಹೆಚ್ಚು ಕಡಿಮೆ 32 ಸೌರ ವರ್ಷ ಕಳೆಯುವಷ್ಟರಲ್ಲಿ ಚಾಂದ್ರ ವರ್ಷ 33 ಆಗಿರುತ್ತದೆ. ರೈತ 32 ಬೆಳೆ ತೆಗೆದು 33 ವರ್ಷದ ಕಂದಾಯ ಎಲ್ಲಿಂದ ಕಟ್ಟುವುದು? ಅಕ್ಬರನ ಆಸ್ಥಾನದಲ್ಲಿ ಅಬುಲ್ ಫಝ್ಲ್ ಈ ಅನ್ಯಾಯವನ್ನು ಎತ್ತಿ ತೋರಿಸಿದ್ದಾನೆ. 1584ರಲ್ಲಿ ವಿದ್ವಾಂಸ ಫತ್ಹುಲ್ಲಾ ಶೀರಾಝಿಯ ಲೆಕ್ಕದ ಮೇಲೆ ಅಕ್ಬರ್ 'ಇಲಾಹಿ' ಅನ್ನುವ ಸೌರ ಶಕೆಯನ್ನು ಜಾರಿಗೆ ತಂದ. ಕಂದಾಯಕ್ಕೆ 'ಫಸಲಿ', ಅಂದರೆ ಬೆಳೆಯ ವರ್ಷ, ಬಳಕೆಗೆ ಬಂತು. ನಮಾಝ್, ಉಪವಾಸ, ಹಬ್ಬಗಳಿಗೆ ಹಿಜ್ರಿ ಎಂದಿನಂತೆಯೇ ನಡೆಯಿತು.

ದಖ್ಖನ್ನಿಗೆ ಫಸಲಿ ಬಂದದ್ದು 17ನೇ ಶತಮಾನದಲ್ಲಿ, ಶಾಹಜಹಾನನ ಕಾಲದಲ್ಲಿ. ಆಗ ನಡೆಯುತ್ತಿದ್ದ ಹಿಜ್ರಿ ಸಂಖ್ಯೆಯನ್ನೇ ಇಟ್ಟುಕೊಂಡು ಅಲ್ಲಿಂದ ಮುಂದೆ ಸೌರ ಲೆಕ್ಕದಲ್ಲಿ ಎಣಿಸುತ್ತಾ ಹೋದರು. ಹಾಗಾಗಿ ದಖ್ಖನ್ನಿನ ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತದೆ. ಒಂದೇ ಸಂಖ್ಯೆಯಿಂದ ಹೊರಟ ಇಬ್ಬರು ಪ್ರಯಾಣಿಕರು ಈಗ ಎಲ್ಲಿದ್ದಾರೆ ನೋಡಿ. 2025ರ ಜುಲೈಯಲ್ಲಿ ತಮಿಳುನಾಡಿನ ಕಂದಾಯ ಲೆಕ್ಕದಲ್ಲಿ ಫಸಲಿ 1435 ಶುರುವಾಯಿತು. ಅದೇ ಹೊತ್ತಿಗೆ ಹಿಜ್ರಿ 1447 ನಡೆಯುತ್ತಿತ್ತು. ಸುಮಾರು 390 ವರ್ಷಗಳಲ್ಲಿ ಹನ್ನೆರಡು ವರ್ಷದ ಅಂತರ.

ಚೆನ್ನೈಯಲ್ಲಿರುವ ನಮ್ಮವರು ಜಮೀನಿನ ಕೆಲಸಕ್ಕೆ ತಾಲೂಕು ಕಚೇರಿಗೆ ಹೋದರೆ ಈ ಫಸಲಿ ಪದ ಇಂದಿಗೂ ಕಿವಿಗೆ ಬೀಳುತ್ತದೆ. ಅಲ್ಲಿ ಫಸಲಿ ಜುಲೈ 1ಕ್ಕೆ ಶುರುವಾಗುತ್ತದೆ. ನಿಜಾಮರ ಹೈದರಾಬಾದಿನಲ್ಲಿಯೂ ಸರಕಾರಿ ಕೆಲಸವೆಲ್ಲ ಫಸಲಿಯಲ್ಲೇ ನಡೆಯುತ್ತಿತ್ತು. ಆದರೆ ಅಲ್ಲಿ ತಿಂಗಳುಗಳಿಗೆ ಆಜುರ್, ದೈ, ಬಹಮನ್ ಅಂತ ಪಾರಸಿ ಹೆಸರು. ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರಿನ ಮೊದಲ ವಾರದಲ್ಲಿ. ಕಲಬುರಗಿ, ಬೀದರ್, ರಾಯಚೂರು ಕಡೆಯ ಹಳೆಯ ಉರ್ದು ಕಾಗದಗಳಲ್ಲಿ ಕಾಣುವುದು ಈ ಲೆಕ್ಕ. ಹೆಸರು ಒಂದೇ, ಸಂಖ್ಯೆಯೂ ಒಂದೇ, ಆದರೆ ಜುಲೈಯಿಂದ ಅಕ್ಟೋಬರ್ ತನಕ ಮೂರು ತಿಂಗಳು ಮದರಾಸಿನದ್ದು ಒಂದು ವರ್ಷ, ಹೈದರಾಬಾದಿನದ್ದು ಇನ್ನೊಂದು ವರ್ಷ. ಹಳೆಯ ಕಾಗದ ಓದುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪೂರ್ತಿ ಬೇರೆ ಬೇರೆಯಾಗಿ ಕಾಣುವ ಎರಡು ಲೆಕ್ಕಗಳ ಮುಂದೆ ನಾವು ಹೇಗೂ ಎಚ್ಚರವಾಗಿರುತ್ತೇವೆ. ಒಂದೇ ಹೆಸರು ಇಟ್ಟುಕೊಂಡ ಎರಡು ಲೆಕ್ಕಗಳೇ ಮೋಸ ಮಾಡುವುದು. 'ಎರಡನೇ ಭಾನುವಾರ' ನನಗೆ ಮಾಡಿದ್ದೂ ಇದನ್ನೇ.

ಪುಣೆಯವರ ಕಥೆ ಇನ್ನೊಂದು. ಪೇಶ್ವೆಗಳ ಕಾಲದ ಮರಾಠಿ ದಫ್ತರಗಳಲ್ಲಿ 'ಶುಹೂರ್ ಸನ್' ಅನ್ನುವ ವರ್ಷ ಕಾಣುತ್ತದೆ. ಇದು ದಖ್ಖನ್ನಿನಲ್ಲಿ 14ನೇ ಶತಮಾನದಲ್ಲಿ ಶುರುವಾದದ್ದು. ಇದಕ್ಕೂ ಹಿಜ್ರಿ ಸಂಖ್ಯೆಯೇ ಮೂಲ, ನಡಿಗೆ ಮಾತ್ರ ಸೂರ್ಯನದ್ದು. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುವಾಗ, ಮುಂಗಾರಿನ ಬಾಗಿಲಲ್ಲಿ, ವರ್ಷ ಶುರು. ಅದಕ್ಕೇ ಜನ ಇದನ್ನು 'ಮೃಗಸಾಲ್' ಅಂತಲೂ ಕರೆದರು. ವರ್ಷದ ಸಂಖ್ಯೆಯನ್ನು ಮರಾಠಿ ಕಾಗದದಲ್ಲಿ ಅರಬ್ಬಿ ಪದಗಳಲ್ಲಿ ಬರೆಯುತ್ತಿದ್ದರು. ಬ್ರಾಹ್ಮಣ ಗುಮಾಸ್ತರ ಕೈಯಲ್ಲಿ ಮೋಡಿ ಲಿಪಿ, ಅದರಲ್ಲಿ ಅರಬ್ಬಿ ಅಂಕೆಯ ಹೆಸರು, ಲೆಕ್ಕ ಮಳೆಗಾಲದ್ದು! ಇದರಲ್ಲಿ ಅವರಿಗೆ ವಿಚಿತ್ರ ಅನ್ನಿಸುವಂಥದ್ದು ಏನೂ ಇರಲಿಲ್ಲ.

ನಮ್ಮ ಮೈಸೂರಿನ ಟಿಪ್ಪು ಸುಲ್ತಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನು ತಂದ ಲೆಕ್ಕ ಸ್ಥಳೀಯ ಪಂಚಾಂಗದ ಹಾಗೆ ಚಾಂದ್ರ ತಿಂಗಳು ಮತ್ತು ಸೌರ ವರ್ಷಗಳನ್ನು ಅಧಿಕ ಮಾಸ ಸೇರಿಸಿ ಹೊಂದಿಸುವಂಥದ್ದು. ಮೊದಲ ತಿಂಗಳು 'ಅಹ್ಮದಿ', ಅದು ನಮ್ಮ ಚೈತ್ರಕ್ಕೆ ಸರಿಯಾಗಿ ಬರುತ್ತಿತ್ತು. ಅರವತ್ತು ಸಂವತ್ಸರಗಳ ಚಕ್ರಕ್ಕೂ ಹೊಸ ಹೆಸರುಗಳನ್ನು ಕೊಟ್ಟ. ಆಮೇಲೆ 'ಮೌಲೂದಿ' ಶಕೆಯನ್ನು ತಂದಾಗ ನಾಣ್ಯಗಳ ಮೇಲೆ 1201ರ ನಂತರದ ವರ್ಷ ಸೀದಾ 1215 ಆಯಿತು. ಹೆಸರುಗಳು ಹೊಸವು, ಆದರೆ ಉಳುವವನ ಚೈತ್ರ, ಕಾರ್ತಿಕಗಳು ಇದ್ದಲ್ಲೇ ಇದ್ದವು. ಶಾನುಭೋಗರ ಪಂಚಾಂಗವೂ ಸುಲ್ತಾನನ ದಫ್ತರವೂ ಒಂದಕ್ಕೊಂದು ತಾಳೆಯಾಗುವಂತೆ ಮಾಡಿದ ಏರ್ಪಾಡು ಅದು. ಅವನ ಪತ್ರಗಳನ್ನು ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್, ಪತ್ರಗಳ ತಾರೀಖು ಬಿಡಿಸಲು ಈ ಲೆಕ್ಕದ ಜೊತೆ ಬಹಳ ಗುದ್ದಾಡಬೇಕಾಯಿತು.

ಬ್ರಿಟಿಷರ ಕಾಲಕ್ಕೆ ವರ್ಷ, ತಿಂಗಳುಗಳ ಜೊತೆಗೆ ಗಂಟೆಗಳ ಜಗಳವೂ ಬಂತು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಸಮಯ ಅಂತ ಆಯಿತು. ನಾವಿರುವ ಈ ಮುಂಬೈ ಒಪ್ಪಲಿಲ್ಲ. ಇಲ್ಲಿನ ಸೂರ್ಯನ ಲೆಕ್ಕದ 'ಬಾಂಬೆ ಟೈಮ್' ಹೊಸ ಸಮಯಕ್ಕಿಂತ 39 ನಿಮಿಷ ಹಿಂದೆ. ಗಡಿಯಾರವನ್ನು ಮುಂದಕ್ಕೆ ತಳ್ಳಿ ಬೆಳಗಿನ ಕತ್ತಲಲ್ಲೇ ಕೆಲಸಕ್ಕೆ ಕರೆಯುತ್ತಾರೆ ಅಂತ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ರೈಲು ಒಂದು ಸಮಯಕ್ಕೆ, ಊರಿನ ಗಡಿಯಾರ ಇನ್ನೊಂದು ಸಮಯಕ್ಕೆ, ಹೀಗೆ 1950ರ ದಶಕದವರೆಗೂ ಮುಂಬೈಯಲ್ಲಿ ಎರಡು ಸಮಯ ಉಳಿದುಕೊಂಡಿದ್ದವು. ಎಷ್ಟು ಜನ ಎಷ್ಟು ರೈಲು ತಪ್ಪಿಸಿಕೊಂಡರೋ!

ಸ್ವಾತಂತ್ರ್ಯದ ನಂತರ ದೆಹಲಿ ಸರಕಾರ ಇಡೀ ಸಮಸ್ಯೆಗೆ ಕೈ ಹಾಕಿತು. 1952ರಲ್ಲಿ ವಿಜ್ಞಾನಿ ಮೇಘನಾದ್ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯಿತು. ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿರುವುದು ಕಂಡುಬಂತು. ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ಕ್ಕೆ, ಶಕೆ 1879ರ ಚೈತ್ರ 1 ಅಂತ ರಾಷ್ಟ್ರೀಯ ಕ್ಯಾಲೆಂಡರ್ ಶುರುವಾಯಿತು. ಲೆಕ್ಕ ಚೊಕ್ಕವಾಗಿದೆ, ವಿಜ್ಞಾನವೂ ಸರಿಯಿದೆ. ಸರಕಾರಿ ಗೆಜೆಟ್ಟಿನಲ್ಲಿ ಈಗಲೂ ಆ ತಾರೀಖು ಇರುತ್ತದೆ. ಆದರೆ ಇವತ್ತು ಶಕೆಯ ಯಾವ ತಾರೀಖು ಅಂತ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಮೂವತ್ತು ಲೆಕ್ಕಗಳ ಜಾಗಕ್ಕೆ ಒಂದು ತರಲು ಹೊರಟಾಗ ಮೂವತ್ತೊಂದನೆಯದು ಸೇರಿಕೊಂಡಿತು.

ಅದೇ ಹೊತ್ತಿಗೆ ಮುಂಬೈಯ ಅಡುಗೆಮನೆಗಳು ಬೇರೆ ದಾರಿ ಹಿಡಿದವು. 1973ರಲ್ಲಿ ಜಯಂತ ಸಾಳಗಾಂವಕರ್ ಶುರುಮಾಡಿದ 'ಕಾಲನಿರ್ಣಯ' ಕ್ಯಾಲೆಂಡರ್ ಯಾವುದನ್ನೂ ತೆಗೆದುಹಾಕಲಿಲ್ಲ. ಇಂಗ್ಲಿಷ್ ತಾರೀಖಿನ ದೊಡ್ಡ ಅಂಕೆ, ಅದರ ಸುತ್ತ ತಿಥಿ, ಹಬ್ಬ, ಏಕಾದಶಿ, ಈದ್, ಎಲ್ಲವೂ ಒಂದೇ ಚೌಕದಲ್ಲಿ. ಉಳಿದ ಜಾಗದಲ್ಲಿ ಹಾಲಿನ ಲೆಕ್ಕ. ಕನ್ನಡದಲ್ಲೂ ಅದು ಬರುತ್ತದೆ. ಅಲ್ ಬಿರೂನಿ ಮಾಡಿದ ಕೆಲಸವನ್ನೇ ಇದು ಗೋಡೆಯ ಮೇಲೆ ಮಾಡಿತು ಅಂದರೆ ತಪ್ಪಾಗಲಾರದು.

ಕಂಪ್ಯೂಟರಿಗೆ ಬಂದಾಗ ಇತಿಹಾಸ ಮತ್ತೆ ಮೊದಲಿನಿಂದ ಶುರುವಾಯಿತು. ಒಂದೊಂದು ಕಂಪನಿಯ ಡೈರಿ ಒಂದೊಂದು ಭಾಷೆಯಲ್ಲಿ ಬರೆದುಕೊಳ್ಳುತ್ತಿತ್ತು. ಒಂದರದ್ದು ಇನ್ನೊಂದಕ್ಕೆ ಓದಲು ಬರುತ್ತಿರಲಿಲ್ಲ. 1998ರಲ್ಲಿ 'ಐಕ್ಯಾಲೆಂಡರ್' ಅನ್ನುವ ಸಾಮಾನ್ಯ ಬರವಣಿಗೆಯ ಕ್ರಮ ಬಂತು. ಕಾರ್ಯಕ್ರಮ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿತಾಯ, ಯಾವ ದೇಶದ ಸಮಯ, ಎಲ್ಲವನ್ನೂ ಬಿಡಿಸಿ ಬರೆಯುವ ಕ್ರಮ ಅದು. ಪ್ರತಿ ಕಾರ್ಯಕ್ರಮಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹಾಗಾಗಿ ಸಮಯ ಬದಲಾದರೆ ಹಳೆಯದೇ ತಿದ್ದಿಕೊಳ್ಳುತ್ತದೆ, ಎರಡೆರಡು ಆಗುವುದಿಲ್ಲ. ಏನು ಕೆಲಸ ಅಂತ ಹೇಳದೆ 'ಈ ಹೊತ್ತು ಬಿಡುವಿಲ್ಲ' ಅಂತ ಮಾತ್ರ ಬೇರೆಯವರಿಗೆ ತಿಳಿಸುವ ದಾರಿಯನ್ನೂ ಮಾಡಿದರು. 2006ರಲ್ಲಿ ಗೂಗಲ್ ಕ್ಯಾಲೆಂಡರ್ ಬಂತು. 2007ರಲ್ಲಿ ಬೇರೆ ಬೇರೆ ಸಾಧನಗಳ ಕ್ಯಾಲೆಂಡರುಗಳು ಒಂದೇ ಕಡೆಯಿಂದ ಓದಿ ಬರೆಯುವ 'ಕ್ಯಾಲ್‌ಡ್ಯಾವ್' ನಿಯಮ ಬಂತು. ಇಷ್ಟೆಲ್ಲ ಆದರೂ ಲೆಕ್ಕವೆಲ್ಲ ಇಂಗ್ಲಿಷ್ ತಿಂಗಳುಗಳದ್ದೇ. ಚೀನಾದ ಹೊಸ ವರ್ಷವನ್ನೋ ನಮ್ಮ ಒಂದು ಹಿಜ್ರಿ ತಾರೀಖನ್ನೋ 'ಪ್ರತಿ ವರ್ಷ' ಅಂತ ಹಾಕಲು ನಿಯಮ ಸಿಕ್ಕಿದ್ದು 2015ರಲ್ಲಿ.

ಹಾಗಂತ ಎಲ್ಲವೂ ಸರಿಹೋಯಿತು ಅಂದುಕೊಳ್ಳಬೇಡಿ. ಮೊಬೈಲು ತೋರಿಸುವ ಹಿಜ್ರಿ ತಾರೀಖು ಹೆಚ್ಚಾಗಿ ಲೆಕ್ಕ ಹಾಕಿದ್ದು, ಎಷ್ಟೋ ಸಲ ಸೌದಿಯ ಉಮ್ಮುಲ್ ಕುರಾ ಲೆಕ್ಕದ್ದು. ನಮ್ಮಲ್ಲಿ ತಿಂಗಳು ಶುರುವಾಗುವುದು ಚಂದ್ರ ಕಂಡ ಮೇಲೆ. ಕರಾವಳಿಯವರು ಹೆಚ್ಚಾಗಿ ಕೇರಳದ ಚಂದ್ರದರ್ಶನದ ಜೊತೆ ಹೋಗುತ್ತಾರೆ, ಬೆಂಗಳೂರಿನವರು ಅಲ್ಲಿನ ಸಮಿತಿಯ ತೀರ್ಮಾನದ ಜೊತೆ. ಕೇಂದ್ರ ಸರಕಾರದ ರಜೆಯ ಪಟ್ಟಿಯಲ್ಲಿಯೂ ಈದ್ ದಿನ ಬದಲಾಗಬಹುದು ಅನ್ನುವ ಸೂಚನೆ ಇರುತ್ತದೆ. ಇನ್ನೊಂದು, ನಮ್ಮ ಹಿರಿಯರು 'ಶುಕ್ರವಾರ ರಾತ್ರಿ' ಅಂದರೆ ಅದು ಗುರುವಾರ ಮಗ್ರಿಬ್ ನಂತರದ ರಾತ್ರಿ. ಮೊಬೈಲಿಗೆ ದಿನ ಹುಟ್ಟುವುದು ನಡುರಾತ್ರಿ ಹನ್ನೆರಡಕ್ಕೆ. ಇದನ್ನು ಯಾವ ಯಂತ್ರವೂ ತಾನಾಗಿ ತಿದ್ದಿಕೊಡುವುದಿಲ್ಲ.

ಆ ಮದುವೆಯ ನಂತರ ನಮ್ಮ ಮನೆಯಲ್ಲಿ ಮಗಳು ಒಂದು ಏರ್ಪಾಡು ಮಾಡಿದಳು. ನಾಲ್ವರೂ ನೋಡಬಹುದಾದ, ನಾಲ್ವರೂ ಬರೆಯಬಹುದಾದ 'ಮನೆ' ಅನ್ನುವ ಒಂದು ಕ್ಯಾಲೆಂಡರ್. ನನ್ನ ಆಫೀಸಿನದ್ದು, ಅವಳ ಕಾಲೇಜಿನದ್ದು ಅದರ ಜೊತೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಯಾವುದನ್ನೂ ಅಳಿಸಿಲ್ಲ. ಒಂದೆರಡು ಸಂಗತಿಗಳನ್ನು ಪೆಟ್ಟು ತಿಂದೇ ಕಲಿತೆವು. ಹೊರಗಿನಿಂದ ಜೋಡಿಸಿಕೊಂಡ ಕ್ಯಾಲೆಂಡರಿನಲ್ಲಿ ಆದ ಬದಲಾವಣೆ ನಮ್ಮ ಪರದೆಗೆ ಬರಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. 'ಇಡೀ ದಿನ' ಅಂತ ಹಾಕಿದ ಕಾರ್ಯಕ್ರಮವನ್ನು ಎಷ್ಟೋ ಕ್ಯಾಲೆಂಡರುಗಳು 'ಬಿಡುವು' ಅಂತಲೇ ಎಣಿಸುತ್ತವೆ. ಹಬ್ಬದ ದಿನಕ್ಕೇ ಯಾರಾದರೂ ಮೀಟಿಂಗ್ ಇಟ್ಟರೂ ಅದು ಎಚ್ಚರಿಸುವುದಿಲ್ಲ. 'ಬಿಡುವಿಲ್ಲ' ಅಂತ ನಾವೇ ಬದಲಾಯಿಸಬೇಕು. ಹಬ್ಬಕ್ಕೆ ಒಂದರ ಬದಲು ಎರಡು ದಿನ ಕಾದಿರಿಸಿ, ಚಂದ್ರ ಕಂಡ ಮೇಲೆ ಒಂದನ್ನು ಬಿಟ್ಟುಕೊಡುತ್ತೇವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಅದಕ್ಕೆ ಮೊಬೈಲೂ ಬೇಡ. ಯಾರಾದರೂ 'ಹಬ್ಬ ಕಳೆದು', 'ಮುಂದಿನ ವಾರ', 'ಶುಕ್ರವಾರ ರಾತ್ರಿ' ಅಂದರೆ, ಉಮರ್(ರ) ಕೇಳಿದ ಪ್ರಶ್ನೆಯನ್ನು ಕೇಳುವುದು: ಯಾವುದು? ಎಣಿಸುವುದು ಎಲ್ಲಿಂದ?

ಹೋದ ತಿಂಗಳು ತಂಗಿಯ ಫೋನ್ ಬಂದಿತ್ತು. ಸಣ್ಣ ಮಗಳ ನಿಶ್ಚಿತಾರ್ಥವಂತೆ. ನಾನು ಬಾಯಿ ತೆರೆಯುವ ಮೊದಲೇ ಅವಳು ವಾರ, ಇಂಗ್ಲಿಷ್ ತಾರೀಖು, ಹಿಜ್ರಿ ತಾರೀಖು, ಹಗಲೋ ರಾತ್ರಿಯೋ, ಎಲ್ಲ ಹೇಳಿ ಮುಗಿಸಿದಳು. ಆಮೇಲೆ, "ಫೋನ್ ಮಗಳಿಗೆ ಕೊಡಿ ಕಾಕಾ. ನೀವು ಬರೆದುಕೊಂಡದ್ದು ಸಾಲದು. ಅವಳಿಗೆ ನಾನೇ ಹೇಳುತ್ತೇನೆ" ಅಂದಳು.